ಸಿಂಧಘಟ್ಟದ ಕೋವಿ, ಹಗುರ ತೋಟಾ

ಕೋವಿ ರಿಪೇರಿಗೆ ಹೊಸದಾಗಿ ಇಳಿದವರು ಗಿರಾಕಿ ಒಳಗೆ ಬಂದ ತಕ್ಷಣ ಅವನ ಕೈಯಲ್ಲಿರುವ ಕೋವಿಯನ್ನು ನೋಡುತ್ತಾರೆ. ನಾನು ಅವನ ಬಲಭುಜ ನೋಡುತ್ತಿದ್ದೆ. ಕುರ್ಚಿಗೆ ಒರಗುವಾಗ ಆ ಕಡೆ ತಾಗಿಸದೆ ಓರೆಯಾಗಿ ಕೂತರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತಿತ್ತು. ಬಾಯಿಬಿಟ್ಟು ಮಾತ್ರ ಯಾರೂ ಹೇಳುವುದಿಲ್ಲ. 'ಸೌಂಡು ಸರಿಯಿಲ್ಲ' ಅನ್ನುತ್ತಾರೆ, 'ಗುರಿ ಎಡಕ್ಕೆ ಎಳೀತದೆ' ಅನ್ನುತ್ತಾರೆ. 'ಕೋವಿ ಒದೀತದೆ, ನನ್ನ ಕೈಲಿ ತಡೆಯಕ್ಕಾಗಲ್ಲ' ಎಂದು ಒಪ್ಪಿಕೊಂಡ ಗಂಡಸನ್ನು ನಾನು ಕಂಡಿಲ್ಲ.

ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಅಂಗಡಿಯನ್ನು ಅಕ್ಕನ ಮಗನಿಗೆ ಬಿಟ್ಟುಕೊಟ್ಟು ಈಗ ಮನೆಯಲ್ಲಿ ಕೂತಿದ್ದೇನೆ. ಕಣ್ಣು ಮಂಜಾದ ಮೇಲೆ ಕೋವಿ ಬಿಚ್ಚುವುದಕ್ಕಿಂತ, ಹಾರಿಹೋದ ಸ್ಪ್ರಿಂಗು ಹುಡುಕುವುದೇ ದೊಡ್ಡ ಕೆಲಸವಾಗಿಬಿಟ್ಟಿತ್ತು. ಲೈಸೆನ್ಸು ಪಡೆದು ಈ ಕಸುಬಿಗೆ ಬರುತ್ತಿರುವ ಕೆಲವರು ಆಗಾಗ ಮನೆಗೆ ಬಂದು, 'ಆಟೋಮೆಟಿಕ್ ಕೋವಿ ಹೆಂಗೆ ರಿಪೇರಿ ಮಾಡೋದು?' ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಹೆಚ್ಚಿಗೆ ಇರುವುದು ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳು. ಅವು ಪಾಪದವು. ನನ್ನ ತಲೆ ತಿಂದದ್ದು, ತಲೆ ತಿಂದರೂ ಮನಸ್ಸಿಗೆ ಹಿಡಿಸಿದ್ದು, ಜನ ಆಟೋಮೆಟಿಕ್ಕು ಎಂದು ಕರೆಯುವ ಕೋವಿ. ಒಂದು ಸಲ ಟ್ರಿಗರು ಎಳೆದರೆ ಒಂದು ತೋಟಾ ಹಾರುತ್ತದೆ. ಖಾಲಿಯಾದ ತೋಟಾವನ್ನು ಅದೇ ಪಕ್ಕಕ್ಕೆ ಉಗಿದು, ಮುಂದಿನದನ್ನು ಅದೇ ಒಳಗೆ ಎಳೆದುಕೊಳ್ಳುತ್ತದೆ. ಇಷ್ಟೆಲ್ಲ ಕೆಲಸಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ಹಳೆಯ ಮಾದರಿಯಲ್ಲಿ ಒದೆತದಿಂದಲೇ. ಗುಂಡು ಮುಂದೆ ಹೋದಾಗ ನಳಿಗೆ ಹಿಂದಕ್ಕೆ ಜಾರುತ್ತದೆ. ಆ ಜಾರುವಿಕೆಯೇ ಖಾಲಿ ತೋಟಾವನ್ನು ಹೊರಗೆ ತಳ್ಳಬೇಕು. ಜಾರುವುದು ಹೆಚ್ಚಾದರೆ ಕೋವಿ ಹೊಡೆದವನ ಭುಜ ಒಡೆಯುತ್ತದೆ. ಕಮ್ಮಿಯಾದರೆ ಖಾಲಿ ತೋಟಾ ಹೊರಗೆ ಬರದೆ ಸಿಕ್ಕಿಕೊಳ್ಳುತ್ತದೆ.

ಎರಡನ್ನೂ ಹದದಲ್ಲಿಡಲು, ಎಡಗೈಯಲ್ಲಿ ಹಿಡಿಯುವ ಮುಂದಿನ ಮರದೊಳಗೆ ಒಂದು ದಪ್ಪ ಸ್ಪ್ರಿಂಗು, ಅದರ ತಲೆಯ ಮೇಲೆ ಒಂದು ಕಂಚಿನ ಬಳೆ, ಜೊತೆಗೊಂದು ಉಕ್ಕಿನ ಉಂಗುರ ಇಟ್ಟಿರುತ್ತಾರೆ. ಭಾರದ ತೋಟಾ, ಅಂದರೆ ಮದ್ದು, ಚರೆ ಹೆಚ್ಚು ತುಂಬಿದ್ದು, ಹಾರಿಸುವುದಾದರೆ ಉಂಗುರವನ್ನು ಮೇಲೆ, ಬಳೆಗೆ ಒತ್ತಿ ಕೂರಿಸಬೇಕು. ಆಗ ಬಳೆ ಬಿಗಿಯಾಗಿ ಬ್ರೇಕಿನಂತೆ ಹಿಡಿಯುತ್ತದೆ. ಹಗುರ ತೋಟಾ ಆದರೆ ಉಂಗುರವನ್ನು ತೆಗೆದು ಸ್ಪ್ರಿಂಗಿನ ಬುಡಕ್ಕೆ ಹಾಕಬೇಕು. ಆಗ ಬ್ರೇಕು ಸಡಿಲವಾಗುತ್ತದೆ. ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಜನ.

ನನಗೆ ಕಸುಬು ಕಲಿಸಿದ್ದು ನನ್ನ ತಾಯಿಯ ತಮ್ಮ. ಮಾಮು ಎನ್ನುತ್ತಿದ್ದೆವು. ರಿಪೇರಿಯಾದ ಕೋವಿಯನ್ನು ಪರೀಕ್ಷಿಸಲು ಮೈದಾನಕ್ಕೆ ಹೋದರೆ ಮಾಮು ಗುರಿಯ ಕಡೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಅವರು ನೋಡುತ್ತಿದ್ದದ್ದು ಖಾಲಿ ತೋಟಾ ಎಲ್ಲಿ ಬೀಳುತ್ತದೆ ಎಂದು. ಕಾಲ ಬುಡದಲ್ಲಿ ಬಿದ್ದರೆ ಬ್ರೇಕು ಬಿಗಿ, ಪಕ್ಕದ ಗದ್ದೆಗೆ ಹಾರಿದರೆ ಬ್ರೇಕು ಸಡಿಲ. 'ಬೇಟಾ, ಗುಂಡು ಎಲ್ಲಿ ಹೋಯ್ತು ಅಂತ ಯಜಮಾನ ನೋಡ್ಕೋತಾನೆ. ತೋಟಾ ಎಲ್ಲಿ ಬಿತ್ತು ಅಂತ ನಾವು ನೋಡ್ಬೇಕು' ಅನ್ನುತ್ತಿದ್ದರು.

ಒಮ್ಮೆ ಮೈಸೂರಿನಿಂದ ನಿವೃತ್ತ ದೊಡ್ಡ ಅಧಿಕಾರಿಯೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಸಾಹೇಬರು ಕೋವಿ ಎತ್ತಿದರು, ಮಾಮು ಬೆನ್ನು ತಿರುಗಿಸಿದರು. ಸಾಹೇಬರಿಗೆ ಅವಮಾನವಾಯಿತು. 'ಏನಯ್ಯಾ, ನಾನು ಹೊಡೆಯೋದು ಆ ಕಡೆ, ನೀನು ನೋಡೋದು ಈ ಕಡೆ?' ಎಂದು ಗದರಿ, ಆ ಸಿಟ್ಟಿನಲ್ಲೇ ಟ್ರಿಗರು ಎಳೆದರು. ಖಾಲಿ ತೋಟಾ ಸುಯ್ಯೆಂದು ಹಾರಿ, ಮರದ ಕೆಳಗೆ ಕೂತಿದ್ದ ಅಮ್ಮನವರ ಚಿತ್ರಾನ್ನದ ಡಬ್ಬಿಯೊಳಗೆ ಬಿತ್ತು. ಮಾಮು ಗಂಭೀರವಾಗಿ ಡಬ್ಬಿಯ ಬಳಿ ಹೋಗಿ, ಬಗ್ಗಿ ನೋಡಿ, 'ಎಣ್ಣೆ ಜಾಸ್ತಿಯಾಗಿದೆ' ಎಂದರು.

ಅವರು ಹೇಳಿದ್ದು ಕೋವಿಯ ವಿಷಯ. ಸ್ಪ್ರಿಂಗು ಓಡಾಡುವ ಕೊಳವೆಗೆ ಎಣ್ಣೆ ಹೆಚ್ಚಾದರೆ ಬಳೆ ಜಾರುತ್ತದೆ, ಬ್ರೇಕು ಹಿಡಿಯುವುದಿಲ್ಲ. ಅಮ್ಮನವರ ಮುಖ ಕೆಂಪಾಯಿತು. 'ಸಾಬ್ರೇ, ಇದು ನಮ್ಮ ತಾಯಿ ಕಲಿಸಿದ ಚಿತ್ರಾನ್ನ' ಎಂದರು. ಮಾಮುಗೆ ಕಿವಿ ಸ್ವಲ್ಪ ಮಂದ. 'ಯಾರು ಕಲಿಸಿದ್ರೂ ಅಷ್ಟೇ ಅಮ್ಮಾ, ಬಟ್ಟೇಲಿ ಒರೆಸಿ ತೆಗೀಬೇಕು' ಎಂದುಬಿಟ್ಟರು. ಆ ದಿನ ನಮಗೆ ಮಧ್ಯಾಹ್ನದ ಊಟ ಸಿಗಲಿಲ್ಲ.

ಎಣ್ಣೆಯ ವಿಷಯ ಬಂದದ್ದರಿಂದ ಪಾಂಡವಪುರದ ಕಡೆಯ ಬೋರೇಗೌಡರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕೊಳವೆಗೆ ಒಂದೇ ಒಂದು ತೊಟ್ಟು ಎಣ್ಣೆ ಹಚ್ಚಿ ಎಂದು ನಾನೇ ಹೇಳಿಕೊಟ್ಟಿದ್ದೆ. ಮಾಗಿಯ ಚಳಿಯಲ್ಲಿ ಒಂದು ಬೆಳಿಗ್ಗೆ ಬೋರೇಗೌಡರು ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದರು. ಮೈಯೆಲ್ಲ ಕೆಂಪು ದದ್ದು.

'ಏನಾಯ್ತು ಗೌಡ್ರೇ?'

'ಹಂದಿ ಬಂದಿದ್ದೊ ಸಾಬ್ರೇ. ಗಾಳಿಗೆ ಒಂದು ಹಾರ್ಸುದೆ. ತೋಟಾ ಈಚೆಗೆ ಬರ್ನಿಲ್ಲ. ಇರುವೆ ಬಂದೊ.'

'ಇರುವೆ?'

'ಕೆಂಜಿರುವೆ. ತೋಳಿನ್ ಒಳೀಕೆ ನುಗ್ಬುಟ್ಟೊ. ಕೋವಿ ಬಿಸಾಕಿ ನಾನು ಕುಣೀತಿದ್ರೆ, ಆ ಹಂದಿ ಓಡೋಗ್ದೆ ನಿಂತ್ಕಂಡು ನೋಡ್ತಿತ್ತು ಕಣ್ ಸಾಬ್ರೇ!'

ಮುಂದಿನ ಮರ ಬಿಚ್ಚಿದೆ. ಘಮಘಮ ಎಂದು ತುಪ್ಪದ ವಾಸನೆ. ಸ್ಪ್ರಿಂಗಿನ ಸುತ್ತ ತುಪ್ಪ ಬೆಣ್ಣೆಯಂತೆ ಹೆಪ್ಪುಗಟ್ಟಿ ಕೂತಿತ್ತು.

'ಎಣ್ಣೆ ಹಚ್ಚಿ ಅಂದಿದ್ದೆನಲ್ಲ?'

'ಅಂದಿದ್ರಿ. ತಾತನ ಕಾಲದ ಕೋವಿ, ಅದ್ಕೆ ಹೋಗಿ ಬರೀ ಎಣ್ಣೆ ಹಚ್ಚಾದಾ ಅಂತ ನಮ್ಮನೆ ಎಮ್ಮೆ ತುಪ್ಪವೇ ಹಾಕುದೆ. ತುಸ ಧಾರಾಳವಾಗೇ ಹಾಕುದೆ.'

ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಕೊಟ್ಟೆ. ಪ್ರೀತಿ ತೋರಿಸಬೇಕೆಂದರೆ ಬೇರೆ ದಾರಿ ಇದೆ ಎಂದೂ ಹೇಳಿದೆ. ಮುಂದಿನ ಸಲ ಬಂದಾಗ ಅವರು ತುಪ್ಪದ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು. ಅದೇ ಸರಿಯಾದ ಜಾಗ.

ಈಗ ಸಿಂಧಘಟ್ಟದ ಕೋವಿಯ ಕಥೆಗೆ ಬರುತ್ತೇನೆ. ಹೊಸಬರು ಇದೊಂದನ್ನಾದರೂ ಪೂರ್ತಿ ಓದಬೇಕು.

ಬೇಟೆ ನಿಂತು ಎಷ್ಟೋ ಕಾಲವಾಯಿತು. ಬೇಟೆಗೆಂದು ಬಂದ ಕೋವಿಗಳು ಮನೆಗಳಲ್ಲಿ ಉಳಿದುಕೊಂಡವು. ಈಗ ಅವುಗಳ ಕೆಲಸ ಕಬ್ಬಿನ ಗದ್ದೆಯ ಬದುವಿನಲ್ಲಿ ಗಾಳಿಗೆ ಹಾರಿ ಹಂದಿ ಓಡಿಸುವುದು, ಚುನಾವಣೆ ಬಂದರೆ ಪೊಲೀಸ್ ಠಾಣೆಗೆ ಹೋಗಿ ಕೂರುವುದು, ಆಯುಧಪೂಜೆಯ ದಿನ ಕುಂಕುಮ ಇಡಿಸಿಕೊಳ್ಳುವುದು. ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಚಂದ್ರೇಗೌಡರೆಂಬ ಜಮೀನ್ದಾರರಿದ್ದರು. ಅವರ ಮನೆಯ ಆಟೋಮೆಟಿಕ್ಕು ಅವರ ತಂದೆ ಬೇಟೆಯ ಕಾಲದಲ್ಲಿ ಕೊಂಡದ್ದು. ಪ್ರತಿ ಆಯುಧಪೂಜೆಗೆ ಮುಂಚೆ ಗೌಡರು ಅದನ್ನು ಶುಚಿ ಮಾಡಿಸಲು ನಮ್ಮ ಅಂಗಡಿಗೆ ಬರುತ್ತಿದ್ದರು. ಆರಡಿ ಆಳು, ಬಿಳಿ ಪಂಚೆ, ಬಲಭುಜದ ಮೇಲೆ ದಪ್ಪಗೆ ಮಡಿಸಿದ ಟವಲ್ಲು. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. ನಿಂತೇ ಮಾತಾಡುವುದು ಅವರ ಗತ್ತು ಎಂದುಕೊಂಡಿದ್ದೆ.

ಮುಂದಿನ ಮರಕ್ಕೆ ಕೈ ಹಾಕಿದರೆ ತಡೆಯುತ್ತಿದ್ದರು. 'ಅದು ನಮ್ಮಪ್ಪ ಕೂಡ್ಸಿರೋದು ಸಾಬ್ರೇ. ಅದ್ನ ಮಾತ್ರ ಬಿಚ್ಬ್ಯಾಡಿ.' ಕೋವಿ ಅವರದು, ಬಿಚ್ಚುತ್ತಿರಲಿಲ್ಲ. ಅವರು ಹಾರಿಸುತ್ತಿದ್ದದ್ದು ಅತಿ ಭಾರದ ತೋಟಾ. ಹಗುರದ್ದು ಬಳಸಿ ನೋಡಿ, ಹಂದಿ ಓಡಿಸೋಕೆ ಸದ್ದು ಸಾಕಲ್ಲ ಎಂದರೆ, 'ಥೂ, ಅದು ಮದ್ವೆ ಮನೆ ಪಟಾಕಿ' ಎಂದು ಮೀಸೆ ತಿರುವುತ್ತಿದ್ದರು.

ಅವರು ತೀರಿಕೊಂಡು ಒಂದು ವರ್ಷ ಕಳೆದ ಮೇಲೆ ಅವರ ಹೆಂಡತಿ ಜಯಮ್ಮ ಕೋವಿ ಹಿಡಿದುಕೊಂಡು ಅಂಗಡಿಗೆ ಬಂದರು. ಹಿಂದೆ ಅವರ ಮೈದುನ ನಂಜುಂಡ. ಜಯಮ್ಮ ಸಣ್ಣ ಆಳು. ಅರವತ್ತು ದಾಟಿದ ವಯಸ್ಸು. ಕುರ್ಚಿಯಲ್ಲಿ ಕೂತು ನೇರವಾಗಿ ಹೇಳಿದರು: 'ಸಾಬ್ರೇ, ಇದು ಒದೀತದಂತೆ. ಒದೀದಂಗೆ ಮಾಡ್ಕೊಡಿ.'

ನನಗೆ ರೋಮಾಂಚನವಾಯಿತು. ಆ ಮಾತನ್ನು ಒಬ್ಬರಾದರೂ ಬಾಯಿಬಿಟ್ಟು ಹೇಳಿದರಲ್ಲ!

ನಂಜುಂಡ ಅಡ್ಡ ಬಂದ. 'ಹೆಂಗಸ್ರು ತಡಿಯೋ ಒದೆ ಅಲ್ಲ ಸಾಬ್ರೇ ಅದು. ನಮ್ಮಣ್ಣನಂಥವ್ನಿಗೆ ಆಗ್ತಿತ್ತು. ನನ್ನೆಸ್ರಿಗೆ ಮಾಡ್ಕೊಡಿ ಅತ್ಗೆ ಅಂದ್ರೆ ಕೇಳಾಕಿಲ್ಲ.'

'ನೀನು ತಡುದ್ಯಾ?' ಎಂದರು ಜಯಮ್ಮ. 'ಸಾಬ್ರೇ, ಇವ್ನು ಒಂದ್ಸಲ ಹೊಡ್ದು ಬದಿನ್ ಆಚ್ಗೆ ಗದ್ದೆ ಕೆಸ್ರಲ್ಲಿ ಕೂತಿದ್ದ. ಆಮೇಕೆ ವಾರವೆಲ್ಲ ಎಡಗೈಲಿ ಮುದ್ದೆ ಮುರ್ದ.'

ನಂಜುಂಡ ಗೋಡೆಯ ಮೇಲಿದ್ದ ಕ್ಯಾಲೆಂಡರು ನೋಡತೊಡಗಿದ.

ವಿಷಯ ಇಷ್ಟು. ಕೋವಿಯ ಲೈಸೆನ್ಸು ಜಯಮ್ಮನವರ ಹೆಸರಿಗೆ ಆಗಬೇಕಾದರೆ ಅವರು ತರಬೇತಿ ಮುಗಿಸಿ, ಮೈದಾನದಲ್ಲಿ ಹಾರಿಸಿ ತೋರಿಸಬೇಕಿತ್ತು. ಅದು ಆಗದಿದ್ದರೆ ಕೋವಿ ನಂಜುಂಡನ ಹೆಸರಿಗೆ ಎಂದು ಮನೆಯಲ್ಲಿ ಮಾತಾಗಿತ್ತು. ಊರಿನವರೆಲ್ಲ ನಂಜುಂಡನ ಕಡೆಗಿದ್ದರು.

'ಗದ್ದೆ ನೋಡ್ಕಳೋಳು ನಾನು, ಕಬ್ಬು ಕಡಿಸೋಳು ನಾನು, ಹಂದಿ ಬರಾದು ನನ್ನ ಗದ್ದೆಗೆ' ಎಂದರು ಜಯಮ್ಮ. 'ಕೋವಿ ಮಾತ್ರ ಇವನೆಸ್ರಿಗಾ? ಹಂದಿ ಬಂದಾಗ್ಲೆಲ್ಲ ನಾನು ಇವನ ಬಾಗ್ಲು ಬಡೀಬೇಕಾ?'

ಅಂದು ಮೊದಲ ಬಾರಿಗೆ ಆ ಮುಂದಿನ ಮರ ಬಿಚ್ಚಿದೆ. ಮರ ಒಳಗಡೆ ಉದ್ದಕ್ಕೂ ಸೀಳಿತ್ತು. ಯಾರೋ ಹೊರಗೆ ಕಾಣದಂತೆ ತಂತಿ ಹಾಕಿ ಬಿಗಿದಿದ್ದರು. ಉಂಗುರ ಸ್ಪ್ರಿಂಗಿನ ಬುಡದಲ್ಲಿತ್ತು, ಅಂದರೆ ಕೋವಿಯನ್ನು ಹಗುರ ತೋಟಾಕ್ಕೆ ಹೊಂದಿಸಲಾಗಿತ್ತು. ಅದರಲ್ಲಿ ಚಂದ್ರೇಗೌಡರು ಅಷ್ಟೂ ವರ್ಷ ಭಾರದ ತೋಟಾ ಹಾರಿಸಿದ್ದರು. ಪ್ರತಿ ಸಲ ಇಡೀ ನಳಿಗೆ ತಡೆಯಿಲ್ಲದೆ ಹಿಂದಕ್ಕೆ ಬಂದು ಗುದ್ದಿತ್ತು. ಜಯಮ್ಮ ತಂದಿದ್ದ ಡಬ್ಬಿಯಲ್ಲಿ ಉಳಿದಿದ್ದದ್ದೂ ಅದೇ ಭಾರದ ತೋಟಾ.

ರೋಗ ಸಿಕ್ಕಿತು ಎಂದು ನಾನು ಹಿಗ್ಗಿದೆ. ಮರಕ್ಕೆ ಅಂಟು ಹಾಕಿ ಬಿಗಿದೆ, ಕೊಳವೆ ಉಜ್ಜಿ ಒಣಗಿಸಿದೆ, ಉಂಗುರವನ್ನು ಮೇಲೆ ತಂದು ಬಳೆಗೆ ಒತ್ತಿ ಕೂರಿಸಿದೆ. 'ಇನ್ನು ಬೆನ್ನು ತಟ್ಟಿದ ಹಾಗೆ ಇರುತ್ತೆ ಅಮ್ಮಾ' ಎಂದು ಭರವಸೆ ಕೊಟ್ಟೆ.

ತರಬೇತಿಯ ಮೈದಾನ ನಾಗಮಂಗಲದಾಚೆ, ಬೆಳ್ಳೂರಿನ ಕಡೆ. ಪರೀಕ್ಷೆಯ ದಿನ ಜಯಮ್ಮ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಕಾರು ಓಡಿಸಿದ್ದು ನಂಜುಂಡ. ಸೋಲನ್ನು ಕಣ್ಣಾರೆ ನೋಡಬೇಕಲ್ಲ! ಅಲ್ಲಿ ತರಬೇತಿ ಕೊಡುತ್ತಿದ್ದವರು ನಿವೃತ್ತ ಸುಬೇದಾರರು. ಮಾತು ಕಮ್ಮಿ, ಶಿಸ್ತು ಜಾಸ್ತಿ. ಜಯಮ್ಮ ಸಾಲಿನಲ್ಲಿ ಹೋಗಿ ನಿಂತ ಮೇಲೆ ಅವರು ಹೇಳಿದರು: 'ಮನೆಯಿಂದ ತಂದ ತೋಟಾ ನಡೆಯಲ್ಲ. ಇಲ್ಲಿ ಮೈದಾನದ ತೋಟಾ ಮಾತ್ರ.'

ಮೈದಾನದ ತೋಟಾ ಎಂದರೆ ಗುರಿಗೆಂದು ಗಾಳಿಗೆ ಚಿಮ್ಮಿಸುವ ಮಣ್ಣಿನ ಬಿಲ್ಲೆ ಹೊಡೆಯುವ ಹಗುರ ತೋಟಾ. ನಾನು ಕೋವಿಯನ್ನು ಭಾರದ ತೋಟಾಕ್ಕೆ ಬಿಗಿದು ತಂದಿದ್ದೆ.

'ಸಾರ್, ಒಂದು ನಿಮಿಷ ಬಿಚ್ಚಿ...'

'ಸಾಲಿನಲ್ಲಿ ನಿಂತ ಕೋವಿ ಬಿಚ್ಚೋ ಹಾಗಿಲ್ಲ.'

ಢಂ ಎಂದಿತು. ಜಯಮ್ಮ ಅಲ್ಲಾಡಲಿಲ್ಲ. ಖಾಲಿ ತೋಟಾ ಅರ್ಧ ಹೊರಗೆ ಬಂದು, ಒಳಗೆ ಹೋಗಲೋ ಹೊರಗೆ ಹೋಗಲೋ ಎಂದು ಹೊಸ್ತಿಲಲ್ಲಿ ನಿಂತ ನೆಂಟನ ಹಾಗೆ ಸಿಕ್ಕಿಕೊಂಡಿತು. ಮುಂದಿನ ತೋಟಾ ಬರಲೇ ಇಲ್ಲ. ಸುತ್ತ ನಿಂತಿದ್ದ ಗಂಡಸರು ಕಿಸಕ್ಕೆಂದರು.

ಜಯಮ್ಮ ಕೋವಿಯ ಬಾಯಿ ಮುಂದಕ್ಕೇ ಇಟ್ಟುಕೊಂಡು, ಹೇಳಿಕೊಟ್ಟ ಹಾಗೆ ಟ್ರಿಗರಿನಿಂದ ಬೆರಳು ತೆಗೆದು, ನನ್ನ ಕಡೆ ಕತ್ತು ತಿರುಗಿಸಿದರು. 'ಸಾಬ್ರೇ, ಒದೀನಿಲ್ಲ. ಆದ್ರೆ ಉಗೀನೂ ಇಲ್ಲ.'

'ನಾನೇಳ್ನಿಲ್ವಾ?' ಎಂದ ನಂಜುಂಡ ಎಲ್ಲರಿಗೂ ಕೇಳುವ ಹಾಗೆ. 'ಬುಡಿ ಅತ್ಗೆ, ಮನೆಗೆ ಓಗವ.'

ಸುಬೇದಾರರು ಅವನ ಮಾತಿಗೆ ಗಮನ ಕೊಡಲಿಲ್ಲ. 'ಕೋವಿ ಕೆಟ್ಟಾಗ ಏನು ಮಾಡಬೇಕೋ ಅದನ್ನ ಇವರು ಸರಿಯಾಗಿ ಮಾಡಿದರು. ಉಳಿದವರದು ಮುಗಿದ ಮೇಲೆ ಇನ್ನೊಂದು ಅವಕಾಶ. ಅಷ್ಟರೊಳಗೆ ರಿಪೇರಿಯಾಗಲಿ' ಎಂದು ನನ್ನ ಕಡೆ ಒಂದು ನೋಟ ಎಸೆದರು. ಆ ನೋಟ ಯಾವ ಕೋವಿಗಿಂತಲೂ ಜೋರಾಗಿ ಒದೆಯಿತು.

ಹೊಂಗೆ ಮರದ ಕೆಳಗೆ ಟವಲ್ಲು ಹಾಸಿ ಬಿಚ್ಚಲು ಕೂತೆ. ನಂಜುಂಡ ತಲೆಯ ಮೇಲೆಯೇ ಬಗ್ಗಿ ನಿಂತ. ಉಂಗುರವನ್ನು ತೆಗೆದು ಸ್ಪ್ರಿಂಗಿನ ಬುಡಕ್ಕೆ ಹಾಕಿದೆ.

'ಈ ಉಂಗ್ರ ಮೊದ್ಲು ಎಲ್ಲಿತ್ತು ಸಾಬ್ರೇ?'

'ಇಲ್ಲೇ.'

'ಈಗ?'

'ಇಲ್ಲೇ.'

'ಅಂಗಾರೆ ನೀವು ಮಾಡಿದ್ದೇನು?'

ನ್ಯಾಯವಾದ ಪ್ರಶ್ನೆ. ಉತ್ತರ ಕೊಡುವ ಬದಲು ಸ್ಪ್ರಿಂಗಿನ ತುದಿಯನ್ನು ಅವನ ಕೈಗೆ ಕೊಟ್ಟು, 'ಬಿಗಿಯಾಗಿ ಅದುಮಿ ಹಿಡಿ, ಬಿಟ್ರೆ ಮೂಗಿಗೆ ಬರುತ್ತೆ' ಎಂದೆ. ಕೆಲಸ ಮುಗಿಯುವವರೆಗೂ ಅವನ ಕಣ್ಣು ಆ ಸ್ಪ್ರಿಂಗಿನ ಮೇಲೇ ಇತ್ತು. ಕೊಳವೆಗೆ ಒಂದು ತೊಟ್ಟು ಎಣ್ಣೆ ಸವರಿ, ಮರ ಕೂಡಿಸಿ, ಕೋವಿಯನ್ನು ಜಯಮ್ಮನವರ ಕೈಗೆ ಕೊಟ್ಟೆ.

ಎರಡನೆಯ ಸಲ ನಾನು ಮಾಮುವಿನ ಹಾಗೆ ಗುರಿಗೆ ಬೆನ್ನು ಹಾಕಿ ನಿಂತೆ. ಢಂ. ಖಾಲಿ ತೋಟಾ ಹಾರಿ ಹುಲ್ಲಿನ ಮೇಲೆ ಬಿತ್ತು. ಢಂ. ಅದರ ಪಕ್ಕದಲ್ಲೇ ಇನ್ನೊಂದು. ಮತ್ತೆ ಢಂ. ಯಾವುದೂ ಸಿಕ್ಕಿಕೊಳ್ಳಲಿಲ್ಲ, ಯಾವುದೂ ಚಿತ್ರಾನ್ನದ ದೂರಕ್ಕೆ ಹೋಗಲಿಲ್ಲ. ಒಂದು ಬಿಲ್ಲೆ ಪುಡಿಯಾಯಿತಂತೆ. ನಾನು ನೋಡಲಿಲ್ಲ.

ಜಯಮ್ಮ ಕೋವಿ ಇಳಿಸಿ ಬಲಭುಜ ಒಮ್ಮೆ ಮುಟ್ಟಿಕೊಂಡರು. ಏನೋ ಕಳೆದುಕೊಂಡವರ ಹಾಗೆ ನಿಂತಿದ್ದರು.

'ಇಷ್ಟೇನಾ?'

'ಇಷ್ಟೇ ಅಮ್ಮಾ.'

ಸುಬೇದಾರರು ಪಾಸು ಎಂದು ತಲೆಯಾಡಿಸಿದರು. ಕಿಸಕ್ಕೆಂದಿದ್ದವರು ಕೂಡ ಚಪ್ಪಾಳೆ ತಟ್ಟಿದರು. ನಂಜುಂಡ ಕಾರಿನ ಗಾಜು ಒರೆಸಲು ಹೋದ.

ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಕಾಫಿಗೆ ಕೂತೆವು. ಗೆದ್ದ ಮುಖ ಜಯಮ್ಮನವರಿಗಿರಲಿಲ್ಲ. ಲೋಟ ತಿರುಗಿಸುತ್ತ ಕೇಳಿದರು: 'ಸಾಬ್ರೇ, ಉಂಗ್ರ ಅಲ್ಲೇ ಇದ್ದು ಆ ಡಬ್ಬಿಲಿರೋ ತೋಟಾ ಹಾಕುದ್ರೆ ಎಷ್ಟು ಒದೀತದೆ?'

'ಮರವೇ ಸೀಳಿದೆ ಅಮ್ಮಾ. ಇನ್ನು ಭುಜ ಉಳೀತದಾ?'

'ಬಲಭುಜ?'

'ಬಲಭುಜ.'

ಜಯಮ್ಮ ಲೋಟ ಕೆಳಗಿಟ್ಟರು. 'ಮದ್ವೆಯಾದಾಗ್ಲಿಂದ ಆ ಭುಜಕ್ಕೆ ಉಪ್ಪಿನ ಶಾಖ ಕೊಟ್ಟಿವ್ನಿ. ನೀಲಗಿರಿ ಎಣ್ಣೆ ತಿಕ್ಕಿವ್ನಿ. ಏನ್ರೀ ಇದು ಅಂದ್ರೆ, ವಾಯು ಕಣೆ ಅನ್ನೋರು. ಹಂದಿ ಓಡುಸ್ಕಂಡು ಬಂದ್ ರಾತ್ರೀಲೇ ವಾಯು ಜಾಸ್ತಿಯಾಗದು. ಇಬ್ಬನೀಲಿ ನಿಂತಿದ್ದಕ್ಕೆ ಅನ್ನೋರು.'

ನನಗೆ ಆ ದಪ್ಪ ಟವಲ್ಲು ಕಣ್ಣ ಮುಂದೆ ಬಂತು. ನಗಬಾರದೆಂದು ಕಾಫಿ ಕುಡಿದೆ.

'ವಾಯು ಅಂತ ಮನೇಲಿ ಅವರೇಕಾಳೇ ಮಾಡ್ತಿರ್ನಿಲ್ಲ' ಎಂದರು ಜಯಮ್ಮ.

ನಂಜುಂಡ ಬೋಂಡ ಹಿಡಿದಿದ್ದ ಕೈಯನ್ನು ಹಾಗೇ ನಿಲ್ಲಿಸಿದ. ಅವರದು ಒಂದೇ ಒಲೆಯ ಮನೆ. ಅಣ್ಣನಿಗೆ ವರ್ಜ್ಯವಾದದ್ದು ಎಲ್ಲರಿಗೂ ವರ್ಜ್ಯ. ಮಾಗಿಯಲ್ಲಿ ಊರಿಗೆ ಊರೇ ಅವರೆ ಸೊಗಡಿನಲ್ಲಿ ಮುಳುಗಿದಾಗ ಆ ಮನೆಯಲ್ಲಿ ಮಾತ್ರ ಮೂಲಂಗಿ ಸಾರು.

'ಅಂದ್ರೆ...' ಎಂದ ನಂಜುಂಡ. 'ಅಂದ್ರೆ ನಮ್ಮಣ್ಣಂಗೆ ವಾಯು ಇರ್ನೇ ಇಲ್ವಾ ಅತ್ಗೆ?'

'ಇರ್ನಿಲ್ಲ ಕಣಪ್ಪ.'

'ನಾನು ಇಷ್ಟು ವರ್ಷ ಹಿಸುಕುದ್ ಬೇಳೆ ಸಾರು ತಿನ್ನಕ್ಕೆ ಅವರಿವರ ಮನೆ ಜಗುಲಿ ಕಾಯ್ದಿದ್ದು...'

'ಈ ಕೋವಿ ದೆಸೆಯಿಂದ.'

ಜಯಮ್ಮನವರಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುವುದು ನಿಲ್ಲಲಿಲ್ಲ. 'ಅವ್ರಿಗೆ ಅವರೇಕಾಳು ಅಂದ್ರೆ ಪ್ರಾಣ ಸಾಬ್ರೇ. ಒದೀತದೆ ಕಣೆ ಅಂತ ಒಂದ್ ಮಾತು ನಂಗೆ ಹೇಳಕ್ಕೆ ನಾಚ್ಕಂಡು, ತಿನ್ನೋದನ್ನೇ ಬುಟ್ಬುಟ್ರಲ್ಲ.'

ನಂಜುಂಡ ಕೈಯಲ್ಲಿದ್ದ ಬೋಂಡವನ್ನು ತಟ್ಟೆಗೆ ಹಾಕಿದ. ಆಮೇಲೆ ಮೆಲ್ಲಗೆ, 'ಅತ್ಗೆ, ಕೋವಿ ನಿಮ್ಮೆಸ್ರಲ್ಲೇ ಇರ್ಲಿ. ನಂಗ್ಯಾಕೆ ಬುಡಿ' ಎಂದ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಈಗಿನ ಹೊಸ ಆಟೋಮೆಟಿಕ್ಕುಗಳು ಒದೆತದಿಂದಲ್ಲ, ನಳಿಗೆಯ ಹೊಗೆಯ ಒತ್ತಡದಿಂದ ನಡೆಯುತ್ತವೆ. ಉಂಗುರದ ತಾಪತ್ರಯ ಅವುಗಳಲ್ಲಿ ಕಮ್ಮಿ. ಭುಜಕ್ಕೆ ಮೆತ್ತನೆಯ ರಬ್ಬರು ಪಟ್ಟಿಯೂ ಬಂದಿದೆ. ಆದರೂ ಯಾವ ಕೋವಿ ಬಂದರೂ ಬಿಚ್ಚುವ ಮೊದಲು ಯಾವ ತೋಟಾ ಹಾಕುತ್ತೀರಿ ಎಂದು ಕೇಳಿ. ಹಿಂದೆ ಹಾಕುತ್ತಿದ್ದದ್ದು ಯಾವುದು, ಮುಂದೆ ಹಾಕುವುದು ಯಾವುದು, ಎರಡನ್ನೂ ಕೇಳಿ. ನಾನು ಹಿಂದಿನದ್ದನ್ನು ಮಾತ್ರ ನೋಡಿ ಬಿಗಿದು, ನಾಗಮಂಗಲದ ಬಿಸಿಲಿನಲ್ಲಿ ಮತ್ತೆ ಬಿಚ್ಚಿದೆ. ಆದರೆ ಮನೆಯವರಿಗೆ ಏನು ಕಾಯಿಲೆ, ಏನು ಪಥ್ಯ ಎಂದು ಕೇಳುವುದು ನಮ್ಮ ಕಸುಬಿಗೆ ಸೇರಿದ್ದೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ಮಾಗಿಯಲ್ಲಿ ಜಯಮ್ಮ ನನ್ನನ್ನು ಊಟಕ್ಕೆ ಕರೆದರು. ಅಂಗಳದಲ್ಲೇ ಕಾಡುಹಂದಿಗಳ ಮಾತು ಬಂತು. ಹಗುರ ತೋಟಾದ ಸದ್ದಿಗೇ ಓಡುತ್ತಿವೆಯಂತೆ. ಮನೆಯ ಹೊಸ್ತಿಲು ದಾಟುವಾಗಲೇ ಹಿಸುಕಿದ ಬೇಳೆ ಸಾರಿನ ಘಮ ಎದುರಿಗೆ ಬಂದು ಕರೆಯಿತು. ನಂಜುಂಡ ಆಗಲೇ ಎಲೆಯ ಮುಂದೆ ಕೂತು, ತೋಳು ಮಡಿಸಿ, ತಯಾರಾಗಿದ್ದ.

ನಮಗೆ ಬಡಿಸುವ ಮೊದಲು ಜಯಮ್ಮ ಒಂದು ಎಲೆಯಲ್ಲಿ ಮುದ್ದೆ ಇಟ್ಟು, ಸಾರು ಬಿಟ್ಟು, ಅದನ್ನು ಗೋಡೆಯ ಮೇಲಿದ್ದ ಚಂದ್ರೇಗೌಡರ ಫೋಟೋದ ಕೆಳಗಿಟ್ಟರು. ಫೋಟೋದಲ್ಲೂ ಬಲಭುಜದ ಮೇಲೆ ಟವಲ್ಲು. ಜಯಮ್ಮ ಸೊಂಟಕ್ಕೆ ಕೈಯಿಟ್ಟು ಅವರನ್ನೇ ನೋಡಿದರು.

'ಉಣ್ಣಿ' ಎಂದರು ಗದರಿಸುವ ದನಿಯಲ್ಲಿ. 'ನಿಮ್ಗೆ ಯಾವ ವಾಯೂನೂ ಇಲ್ಲ.'

ತಿರುಗಿ ನಮ್ಮ ಕಡೆ ಎರಡು ಹೆಜ್ಜೆ ಬಂದವರು ನಿಂತರು. ಮತ್ತೆ ವಾಪಸ್ಸು ಹೋಗಿ ಆ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟರು.